‘ಸಮುದ್ರಕ್ಕೆ ಇಳಿಯಬಾರದು’: ಕಡಲ ಹವಾಮುನ್ಸೂಚನೆಯ ಕನ್ನಡದಲ್ಲಿ ಕೇಳುಗರ ನೆಲೆ

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಕಾಣಿಸಿಕೊಂಡಾಗಲೆಲ್ಲ ಕನ್ನಡದ ಪತ್ರಿಕೆಗಳಲ್ಲಿ ಎದುರಾಗುವ ವಾಕ್ಯವೊಂದಿದೆ: ‘ಮೀನುಗಾರರು ಸಮುದ್ರಕ್ಕೆ ಇಳಿಯಬಾರದು.’ ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತೊಡಕೇನೂ ಇಲ್ಲ. ಇದು ಯಾರನ್ನು ಕುರಿತ ಮಾತು ಎಂದು ಕೇಳಿದಾಗ ಮಾತ್ರ ತೊಡಕು ಕಾಣುತ್ತದೆ. ಉತ್ತರ ಹಿಂದೂ ಮಹಾಸಾಗರದ ಹವಾಮುನ್ಸೂಚನೆಗಳು ಕನ್ನಡಕ್ಕೆ ಬರುವಾಗ ನಾವು ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಕೊರತೆಯನ್ನು ಚರ್ಚಿಸುತ್ತೇವೆ. ಆ ಕೊರತೆ ನಿಜವೇ. ಆದರೆ ಅದಕ್ಕಿಂತ ಆಳದ ತೊಂದರೆ ವಾಕ್‌ಕ್ರಿಯೆಯ ಮಟ್ಟದಲ್ಲಿದೆ ಎಂಬುದು ಈ ಲೇಖನದ ವಾದ.

‘ಇಳಿ’ ಧಾತು ಚಲನೆಯ ಜೊತೆಗೆ ಹೊರಡುವ ನೆಲೆಯನ್ನೂ ತನ್ನ ಅರ್ಥದಲ್ಲಿ ಅಡಗಿಸಿಕೊಂಡಿದೆ. ಕೆರೆಗಿಳಿಯುವವರು ದಂಡೆಯ ಮೇಲಿರಬೇಕು, ಗದ್ದೆಗಿಳಿಯುವವರು ಬದುವಿನ ಮೇಲಿರಬೇಕು. ‘ಬೀದಿಗಿಳಿದರು’, ‘ಕಣಕ್ಕಿಳಿದರು’ ಎಂಬ ರೂಢಿಗಳಲ್ಲಿಯೂ ಕರ್ತೃ ಅಲ್ಲಿಯವರೆಗೆ ಹೊರಗಿದ್ದನೆಂಬ ಭಾವವಿದೆ. ನಿಷೇಧರೂಪದಲ್ಲಿಯೂ ಈ ಭಾವ ಉಳಿಯುತ್ತದೆ: ‘ಅವನು ನೀರಿಗಿಳಿಯಲಿಲ್ಲ’ ಎಂದರೆ ದಡದಲ್ಲೇ ಉಳಿದನೆಂದು ಅರ್ಥ. ನಿಷೇಧದಲ್ಲೂ ಅಳಿಯದ ಅರ್ಥವನ್ನು ಪೂರ್ವಕಲ್ಪನೆ ಎನ್ನುವುದು ವಾಡಿಕೆ. ಹಾಗಾಗಿ ‘ಇಳಿಯಬಾರದು’ ಎಂಬ ಎಚ್ಚರಿಕೆ ಕೇಳುಗರನ್ನು ಮೊದಲೇ ದಡದ ಮೇಲೆ ನಿಲ್ಲಿಸಿಬಿಟ್ಟಿರುತ್ತದೆ. ಆಳಸಮುದ್ರ ಮೀನುಗಾರಿಕೆಗೆ ಹೊರಟ ದೋಣಿಗಳು ವಾರಕ್ಕೂ ಹೆಚ್ಚು ಕಾಲ ಕಡಲಿನಲ್ಲಿಯೇ ಇರುತ್ತವೆ. ಈಗಾಗಲೇ ನೀರಿನ ಮೇಲಿರುವವರು ಈ ವಾಕ್ಯದ ಸಂಬೋಧನೆಯ ಹೊರಗಿದ್ದಾರೆ. ಅತ್ಯಂತ ದೊಡ್ಡ ಅಪಾಯವಿರುವುದು ಅವರಿಗೆ.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಕೊರತೆಯಲ್ಲ. ಇಂಗ್ಲಿಷಿನ ಮೂಲ ಸೂಚನೆಯ ಕ್ರಿಯಾಪದವೂ ಹೊರಡುವಿಕೆಯನ್ನೇ ಹೇಳುತ್ತದೆ. ತಮಿಳಿನ ‘ಕಡಲುಕ್ಕುಚ್ ಚೆಲ್ಲ ವೇಂಡಾಮ್’, ಮಲಯಾಳದ ‘ಕಡಲಿಲ್ ಪೋಕರುತ್’ ಎಂಬವು ‘ಹೋಗು’ ಎಂಬರ್ಥದ ಧಾತುಗಳನ್ನು ಬಳಸಿದರೂ ಫಲ ಅದೇ. 2017ರ ನವೆಂಬರ್ ಕೊನೆಯಲ್ಲಿ ಹುಟ್ಟಿದ ‘ಓಖಿ’ ಸುಮಾರು ಒಂದು ದಿನದೊಳಗೆ ವಾಯುಭಾರ ಕುಸಿತದ ಹಂತದಿಂದ ಚಂಡಮಾರುತದ ಹಂತಕ್ಕೇರಿತು. ತಮಿಳುನಾಡು ಮತ್ತು ಕೇರಳದ ಬಹಳಷ್ಟು ದೋಣಿಗಳು ಆಗಲೇ ದೂರ ಸಮುದ್ರದಲ್ಲಿದ್ದವು, ಮೊಬೈಲ್ ಸಂಪರ್ಕದ ಆಚೆಗೆ. ಆ ದುರಂತಕ್ಕೆ ಒಂದು ಕ್ರಿಯಾಪದ ಕಾರಣವೆಂದರೆ ಅತಿಶಯೋಕ್ತಿಯಾದೀತು. ಸಂದೇಶ ತಲುಪಿಸುವ ಸಾಧನವೇ ಅಲ್ಲಿರಲಿಲ್ಲ. ಆದರೆ ಒಂದುವೇಳೆ ತಲುಪಿದ್ದರೂ ‘ಹೋಗಬೇಡಿ’ ಎಂಬುದು ಹೋಗಿರುವವರಿಗೆ ಏನನ್ನು ವಿಧಿಸುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಭಾರತೀಯ ಹವಾಮಾನ ಇಲಾಖೆಯ ಎಚ್ಚರಿಕೆಗಳಲ್ಲಿ ಈಗ ಕಾಣುವ ‘ಸಮುದ್ರದಲ್ಲಿರುವವರು ದಡಕ್ಕೆ ಮರಳಬೇಕು’ ಎಂಬ ಎರಡನೆಯ ವಾಕ್ಯ ಈ ತೆರವನ್ನು ತುಂಬುತ್ತದೆ. ಸುದ್ದಿಯನ್ನು ಚಿಕ್ಕದಾಗಿಸುವಾಗ ಮೊದಲು ಬಿದ್ದುಹೋಗುವುದೂ ಅದೇ ವಾಕ್ಯ.

ಇನ್ನು ಪದಗಳ ವಿಚಾರ. ಇಲಾಖೆಯ ವರ್ಗೀಕರಣ ಗಾಳಿಯ ವೇಗವನ್ನು ಆಧರಿಸಿದ್ದು. ಗಾಳಿ 17ರಿಂದ 27 ನಾಟ್ ಇದ್ದರೆ ಡಿಪ್ರೆಷನ್, 28ರಿಂದ 33 ಇದ್ದರೆ ಡೀಪ್ ಡಿಪ್ರೆಷನ್, 34ರಿಂದ 47 ಇದ್ದರೆ ಸೈಕ್ಲೋನಿಕ್ ಸ್ಟಾರ್ಮ್, 48ರಿಂದ 63 ಇದ್ದರೆ ಸಿವಿಯರ್ ಸೈಕ್ಲೋನಿಕ್ ಸ್ಟಾರ್ಮ್. ಹೀಗೆ 120 ನಾಟ್ ದಾಟಿದ ‘ಸೂಪರ್’ ಹಂತದವರೆಗೆ ಏಣಿ ಮುಂದುವರಿಯುತ್ತದೆ. ಇಲ್ಲಿ ಪ್ರತಿಯೊಂದು ಪದದ ಬೆಲೆ ಪಕ್ಕದ ಪದದಿಂದ ನಿರ್ಧಾರವಾಗುತ್ತದೆ. ಸೊಸ್ಯೂರ್‌ನನ್ನು ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕನ್ನಡದಲ್ಲಿ ‘ವಾಯುಭಾರ ಕುಸಿತ’ವೆಂಬುದು ಡಿಪ್ರೆಷನ್ನಿಗೂ ಅದರ ಹಿಂದಿನ ಹಂತವಾದ ಕಡಿಮೆ ಒತ್ತಡದ ಪ್ರದೇಶಕ್ಕೂ ಬಳಕೆಯಾಗುತ್ತದೆ. ‘ತೀವ್ರ’ ಎಂಬ ವಿಶೇಷಣ ಕುಸಿತಕ್ಕೂ ಚಂಡಮಾರುತಕ್ಕೂ ಅಂಟುತ್ತದೆ. ಇಂಗ್ಲಿಷಿನಲ್ಲಿ ಆ ಎರಡು ಹಂತಗಳಿಗೆ ಬೇರೆ ಬೇರೆ ವಿಶೇಷಣಗಳಿವೆ. ಮೇಲಾಗಿ ‘ಕುಸಿತ’ ಭಾವನಾಮ, ನಡೆಯುವ ಕ್ರಿಯೆಯ ಹೆಸರು. ‘ವಾಯುಭಾರ ಕುಸಿತವು ಮಂಗಳೂರಿನ ನೈಋತ್ಯಕ್ಕೆ ಕೇಂದ್ರೀಕೃತವಾಗಿದ್ದು ವಾಯವ್ಯದತ್ತ ಚಲಿಸುತ್ತಿದೆ’ ಎಂದಾಗ ಒಂದು ಕುಸಿತ ಚಲಿಸತೊಡಗುತ್ತದೆ. ರೂಢಿಯಿಂದ ನಮಗದು ವಿಚಿತ್ರವೆನಿಸದು.

ಅಲೆಯ ಎತ್ತರದ ವಿಷಯದಲ್ಲಿ ಪದ ಸರಿಯಾಗಿದ್ದೂ ಅರ್ಥ ಜಾರುತ್ತದೆ. ಮುನ್ಸೂಚನೆ ಕೊಡುವ ಎತ್ತರ ಒಂದು ಸರಾಸರಿ: ಅಲೆಗಳಲ್ಲಿ ಅತಿ ಎತ್ತರವಾದ ಮೂರನೆಯ ಒಂದು ಭಾಗದ ಸರಾಸರಿ. ಬಿಡಿ ಅಲೆಯೊಂದು ಅದರ ಸುಮಾರು ಎರಡರಷ್ಟು ಏಳಬಹುದು. ‘3 ಮೀಟರ್ ಎತ್ತರದ ಅಲೆಗಳು ಏಳಲಿವೆ’ ಎಂಬ ಕನ್ನಡ ವಾಕ್ಯವನ್ನು ಓದಿದವರು ಅದಕ್ಕಿಂತ ಎತ್ತರದ ಅಲೆ ಇಲ್ಲವೆಂದೇ ತಿಳಿಯುತ್ತಾರೆ. ಗ್ರೈಸ್ ಹೇಳುವ ಪರಿಮಾಣದ ಸೂತ್ರದಂತೆ ಅವರು ಹಾಗೆ ತಿಳಿಯುವುದು ನ್ಯಾಯವೇ: ಹೆಚ್ಚಿದ್ದರೆ ಹೆಚ್ಚೆಂದು ಹೇಳುತ್ತಿದ್ದರು. ಸರಾಸರಿಯೆಂಬ ಸಂಗತಿ ಹವಾಮಾನ ತಜ್ಞರ ನಡುವಿನ ಒಪ್ಪಂದ, ದೋಣಿಯ ತಂಡೇಲ ಆ ಒಪ್ಪಂದದ ಭಾಗಿಯಲ್ಲ. ‘ಬಿಡಿ ಅಲೆಗಳು 6 ಮೀಟರ್‌ವರೆಗೂ ಏಳಬಹುದು’ ಎಂಬ ಒಂದೇ ವಾಕ್ಯ ಸೇರಿದರೆ ಈ ಧ್ವನಿತಾರ್ಥ ರದ್ದಾಗುತ್ತದೆ.

ಸಂಭವನೀಯತೆಯಲ್ಲಿ ನಮ್ಮ ಭಾಷೆಯ ಸಂಪತ್ತನ್ನು ನಾವೇ ಬಳಸುತ್ತಿಲ್ಲವೆಂದು ನನಗನಿಸುತ್ತದೆ. ಇಲಾಖೆಯ ಮುನ್ಸೂಚನೆಗಳ ಮಾಪಕದಲ್ಲಿ ‘ಲೈಕ್ಲಿ’ ಎಂದರೆ ಶೇ 25ರಿಂದ 50, ‘ವೆರಿ ಲೈಕ್ಲಿ’ ಎಂದರೆ ಶೇ 50ರಿಂದ 75. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ವರದಿಗಳಲ್ಲಿ ಅದೇ ‘ಲೈಕ್ಲಿ’ ಶೇ 66ಕ್ಕಿಂತ ಹೆಚ್ಚು. ಕನ್ನಡದ ಸುದ್ದಿ ಇದೆಲ್ಲವನ್ನೂ ‘ಸಾಧ್ಯತೆ ಇದೆ’ ಎಂಬ ಒಂದೇ ಚೀಲಕ್ಕೆ ತುಂಬುತ್ತದೆ. ಶೀರ್ಷಿಕೆಯಲ್ಲಾದರೋ ‘ಬೀಸಲಿದೆ’ ಎಂಬ ಖಚಿತ ರೂಪವೇ ಬರುತ್ತದೆ. ‘ಬೀಸೀತು’, ‘ಬೀಸಬಹುದು’, ‘ಬೀಸುವ ಸಂಭವ ಹೆಚ್ಚು’, ‘ಬೀಸಲಿದೆ’ ಎಂಬ ಶ್ರೇಣಿ ನಮ್ಮಲ್ಲಿ ಸಿದ್ಧವಾಗಿದೆ. ಸಂಭಾವನಾರ್ಥಕ ರೂಪವನ್ನು ಶಾಲೆಯ ವ್ಯಾಕರಣದಲ್ಲಿ ಕಲಿಸುತ್ತೇವೆ, ನಿಜವಾಗಿಯೂ ಬೇಕಾದೆಡೆ ಕೈಬಿಡುತ್ತೇವೆ. ಈ ಶ್ರೇಣಿಯನ್ನು ಶೇಕಡಾವಾರು ಮಾಪಕದೊಂದಿಗೆ ಜೋಡಿಸುವುದು ಕಷ್ಟದ ಕೆಲಸವಲ್ಲ, ಓದುಗರ ಮೇಲೆ ಪರೀಕ್ಷಿಸಿದ ಬಳಿಕ ಜೋಡಿಸಬೇಕು, ಅಷ್ಟೆ.

ಹೆಸರುಗಳ ಕುರಿತು ಹೆಚ್ಚು ಹೇಳಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯನ್ನು ಅಲುಗಿಸಿ ಗುಜರಾತಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಮ್ಯಾನ್ಮಾರ್ ಕೊಟ್ಟ ಹೆಸರಿನ ಉಚ್ಚಾರಣೆ ‘ತೌತೆ’. ರೋಮನ್ ಕಾಗುಣಿತವನ್ನು ಹಿಂಬಾಲಿಸಿದವರು ‘ತೌಕ್ತೆ’ ಎಂದು ಬರೆದರು. ಇದರಿಂದ ಯಾರಿಗೂ ಅಪಾಯವಾಗಲಿಲ್ಲ.

ಅಪಾಯವಿರುವುದು ಮರುಪ್ರಶ್ನೆಗೆ ಅವಕಾಶವಿಲ್ಲದ ಮಾತಿನಲ್ಲಿ. ‘ಓಖಿ’ಯ ಬಳಿಕ, 2019ರಲ್ಲಿ, ‘ಜೆಮಿನಿ’ ಎಂಬ ಉಪಕರಣ ಬಂತು. ಗಗನ್ ವ್ಯವಸ್ಥೆಯ ಉಪಗ್ರಹದ ಮೂಲಕ ಬರುವ ಎಚ್ಚರಿಕೆಯನ್ನು ಅದು ದೂರ ಸಮುದ್ರದಲ್ಲಿರುವ ಮೊಬೈಲಿಗೆ ತಲುಪಿಸುತ್ತದೆ. ಸಂಪರ್ಕ ಏಕಮುಖ: ಸಂದೇಶ ಪಡೆದವರು ‘ಹಾಗೆಂದರೇನು?’ ಎಂದು ಕೇಳಲಾರರು. ನಮ್ಮ ಕರಾವಳಿಯಲ್ಲಿ ಅದನ್ನು ಪಡೆಯುವವರಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಕುಂದಾಪ್ರ ಕನ್ನಡ. ‘ಪ್ರಕ್ಷುಬ್ಧ’ ಅವರ ಕಡಲಿನ ಪದವಲ್ಲ. ಅಂಥ ಸಂದೇಶದ ಕನ್ನಡ ರೂಪದಲ್ಲಿ ಮೊದಲ ವಾಕ್ಯ ನೀರಿನ ಮೇಲಿರುವವರಿಗೆ ಇರಲಿ, ಮರಳಬೇಕಾದ ಗಡುವು ಗಂಟೆಯ ಲೆಕ್ಕದಲ್ಲಿರಲಿ. ‘ಇಳಿಯಬಾರದು’ ಎಂಬುದು ಆಮೇಲೆ ಬರಲಿ.