ನಟ್ಟ ನಡು ಕಡಲಲ್ಲೂ ಕುಡಿಯೋ ನೀರಿನದೇ ಚಿಂತೆ!

ವಕ್ಕಲೇರಿ: ನಮ್ಮ ಕಡೆ ಬೆಳಗಾಯಿತೆಂದರೆ ಮೊದಲ ಕೆಲಸ ಯಾವುದು? ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಓಡುವುದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಇರುವ ಜಿಲ್ಲೆ ನಮ್ಮದು. ಮೊನ್ನೆ ಇಲ್ಲಿನ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಇದೇ ಮಾತು ನಡೆದಿತ್ತು. "ನದಿಯಿಲ್ಲದ ನಮ್ಮ ಪಾಡು ಯಾರಿಗೂ ಬೇಡ ಸ್ವಾಮಿ, ಸಮುದ್ರದ ಪಕ್ಕದವರೇ ಪುಣ್ಯವಂತರು" ಅಂದರು ಅಂಗಡಿಯವರು. "ಸಮುದ್ರದ ಮಧ್ಯದಲ್ಲೇ ಇದ್ದ ನಮ್ಮ ಬೆಂಗಳೂರಿನ ಹೆಣ್ಣುಮಗಳೊಬ್ಬರು ಕುಡಿದದ್ದೂ ನಿಮ್ಮ ಹಾಗೇ ಮಿಷನ್ ನೀರೇ" ಅಂದೆ. ಲೋಟ ತೊಳೆಯುತ್ತಿದ್ದ ಕೈ ನಿಂತಿತು. "ಅದ್ಯಾರು ಸ್ವಾಮಿ?"

ಅವರೇ ಅನನ್ಯಾ ಪ್ರಸಾದ್. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಬೆಂಗಳೂರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಹೋದವರು. 2024ರ ಡಿಸೆಂಬರ್‌ನಲ್ಲಿ ಕ್ಯಾನರಿ ದ್ವೀಪಗಳ ಲಾ ಗೊಮೆರಾದಿಂದ ಒಂಟಿಯಾಗಿ ದೋಣಿ ಹತ್ತಿ, ಹುಟ್ಟು ಹಾಕಿಕೊಂಡೇ ಅಟ್ಲಾಂಟಿಕ್ ಸಾಗರ ದಾಟಿ ವೆಸ್ಟ್ ಇಂಡೀಸಿನ ಆಂಟಿಗಾ ಮುಟ್ಟಿದರು. ದಾರಿ ಸುಮಾರು 4,800 ಕಿಲೋಮೀಟರ್. ಹಿಡಿದದ್ದು 52 ದಿನ, 5 ಗಂಟೆ, 44 ನಿಮಿಷ. ಹೊಸ ವರ್ಷ, ಸಂಕ್ರಾಂತಿ ಎರಡೂ ನೀರಿನ ಮೇಲೆಯೇ. ದಿನಕ್ಕೆ ಸರಾಸರಿ 90 ಕಿಲೋಮೀಟರ್ ಆಯಿತು. ಅಂದರೆ ಕೋಲಾರದಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬರುತ್ತಾ ಹೊಸಕೋಟೆ ಹತ್ತಿರ ಬಂದಷ್ಟು ದೂರ! ಗಾಳಿ, ಪ್ರವಾಹ ಪಶ್ಚಿಮಕ್ಕೆ ತಳ್ಳುತ್ತವೆ ನಿಜ. ಆದರೆ ಕೈಸೋತು ಕೂತರೆ ಊರು ಬರುವುದಿಲ್ಲ.

ಇಂಥ ದೋಣಿಯಲ್ಲಿ ಸಂಸಾರ ಹೇಗೆ? ಉದ್ದ ನಮ್ಮ ಬಸ್ಸಿಗಿಂತ ಚಿಕ್ಕದು. ಒಂದು ತುದಿಯಲ್ಲಿ ಕಾಲು ಚಾಚಿ ಮಲಗುವಷ್ಟು ಗೂಡು. ಅಲೆ ಮಗುಚಿ ಹಾಕಿದರೂ ದೋಣಿ ತಾನೇ ಎದ್ದು ನಿಲ್ಲಬೇಕಾದರೆ ಗೂಡಿನ ಬಾಗಿಲು ಭದ್ರವಾಗಿ ಮುಚ್ಚಿರಬೇಕು. ಒಳಗೆ ಸೆಕೆ, ಹೊರಗೆ ಬಿಸಿಲು. ಹುಟ್ಟು ಹಾಕುವವರು ಬಸ್ಸಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತ ಹಾಗೆ ಕೂರಬೇಕು. ಕಾಣುವುದು ಬಿಟ್ಟು ಬಂದ ದಾರಿಯೇ, ಹೋಗುವ ದಾರಿಯಲ್ಲ.

ಸುತ್ತ ನೀರೋ ನೀರು, ಆದರೆ ಉಪ್ಪು. ಕುಡಿದರೆ ದಾಹ ಇನ್ನೂ ಹೆಚ್ಚು. ಅದಕ್ಕೇ ದೋಣಿಯಲ್ಲೊಂದು ಪುಟ್ಟ ಮಿಷನ್. ಪಂಪು ನೀರನ್ನು ಒತ್ತಿ ತೆಳುವಾದ ಪೊರೆಯೊಳಗೆ ನುಗ್ಗಿಸುತ್ತದೆ. ಉಪ್ಪು ಈಚೆಗೇ ಉಳಿಯುತ್ತದೆ. ನಮ್ಮೂರ ಆರ್‌ಓ ಘಟಕದ್ದೂ ಇದೇ ಕೆಲಸ. ಕರೆಂಟು ಬಿಸಿಲಿನಿಂದ. ನಾಲ್ಕು ದಿನ ಮೋಡ ಕವಿದರೆ ಬ್ಯಾಟರಿ ಇಳಿಯುತ್ತದೆ. ಆಗ ಕೈಪಂಪೇ ಗತಿ. ಊಟವೆಂದರೆ ಒಣಗಿಸಿದ ಪೊಟ್ಟಣ, ಅದಕ್ಕೆ ಬಿಸಿನೀರು. ಬಹಿರ್ದೆಸೆಗೆ ಬಕೆಟ್ಟು. ಅಂಗೈ ತುಂಬಾ ಬೊಬ್ಬೆ, ಕೂತಲ್ಲಿ ಉಪ್ಪಿನಿಂದ ಹುಣ್ಣು. ದೋಣಿಯ ತಳಕ್ಕೆ ಚಿಪ್ಪುಹುಳು ಅಂಟಿದರೆ ಓಟ ನಿಧಾನ. ಹಗ್ಗ ಬಿಗಿದುಕೊಂಡು ನೀರಿಗಿಳಿದು ಕೆರೆಯಬೇಕು.

ಇದು ಇಂದಿನ ಹುಚ್ಚೇನಲ್ಲ. 1896ರಲ್ಲೇ ಜಾರ್ಜ್ ಹಾರ್ಬೊ, ಫ್ರಾಂಕ್ ಸ್ಯಾಮುಯೆಲ್‌ಸನ್ ಎಂಬ ನಾರ್ವೆ ಮೂಲದ ಇಬ್ಬರು ನ್ಯೂಯಾರ್ಕಿನಿಂದ ಹೊರಟು, 55 ದಿನಕ್ಕೆ ಇಂಗ್ಲೆಂಡಿನ ಸಿಲಿ ದ್ವೀಪ ಸೇರಿದ್ದರು. ಅವರಿಗೆ ಮಿಷನ್ ಇರಲಿಲ್ಲ, ಸ್ಯಾಟಲೈಟ್ ಫೋನೂ ಇರಲಿಲ್ಲ. ಆದರೆ ಇಬ್ಬರಿದ್ದರು. ಒಬ್ಬ ಮಲಗಿದರೆ ಇನ್ನೊಬ್ಬ ಎಚ್ಚರ. ಒಂಟಿಯಾಗಿ ಹೋದವರಿಗೆ ಆ ಭಾಗ್ಯವೆಲ್ಲಿ? ನಿದ್ದೆಗೆ ಜಾರಿದರೆ ದೋಣಿ ಅದರ ಪಾಡಿಗೆ ಅದು. ಮೈ ನೋವಿಗಿಂತ ಮನಸ್ಸಿನ ಒಂಟಿತನವೇ ಭಾರ.

"ಇದೆಲ್ಲ ಯಾಕೆ ಬೇಕಿತ್ತು ಸ್ವಾಮಿ?" ಅಂದರು ಅಂಗಡಿಯವರು. ನ್ಯಾಯವಾದ ಪ್ರಶ್ನೆಯೇ. ಈ ಯಾನದ ಹೆಸರಿನಲ್ಲಿ ಅನನ್ಯಾ ಒಂದೂವರೆ ಲಕ್ಷ ಪೌಂಡಿನಷ್ಟು, ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ, ಹಣ ಕೂಡಿಸಿದರು. ಒಂದು ಪಾಲು ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಸಂಸ್ಥೆಗೆ. ಇನ್ನೊಂದು ಪಾಲು ನಮ್ಮ ಚಾಮರಾಜನಗರದ ದೀನಬಂಧು ಮಕ್ಕಳ ಮನೆಗೆ. ತಂದೆ ತಾಯಿ ಇಲ್ಲದ ಮಕ್ಕಳನ್ನು ಸಾಕಿ ಓದಿಸುವ ಆ ಸಂಸ್ಥೆ ಕಟ್ಟಿದವರು ಶಿವರುದ್ರಪ್ಪನವರ ಮಗ ಜಿ.ಎಸ್. ಜಯದೇವ. ಅಟ್ಲಾಂಟಿಕ್‌ನಲ್ಲಿ ಹಾಕಿದ ಹುಟ್ಟು ಚಾಮರಾಜನಗರದ ಮಗುವಿನ ತಟ್ಟೆಗೆ ಅನ್ನವಾಯಿತು.

ಮೂರು ವರ್ಷಕ್ಕೂ ಹೆಚ್ಚು ತಯಾರಿ ಮಾಡಿ ಹೊರಟವರು ಆಕೆ. ಬಿಳಿಯರಲ್ಲದ ಹೆಂಗಸರ ಪೈಕಿ ಒಂಟಿಯಾಗಿ ಸಾಗರ ದಾಟಿದ ಮೊದಲಿಗರೆಂದು ಪತ್ರಿಕೆಗಳೆಲ್ಲ ಹೊಗಳಿದವು. ಹೊಗಳಲಿ, ತಪ್ಪಿಲ್ಲ. ಆದರೆ ಸಾಗರ ದಾಟಿಸಿದ್ದು ಒಂದು ದಿನದ ಸಾಹಸವಲ್ಲ. ಎದ್ದು ನೀರು ಸೋಸಿ, ಪೊಟ್ಟಣ ಬಿಚ್ಚಿ, ಹುಣ್ಣಿಗೆ ಮುಲಾಮು ಹಚ್ಚಿ, ಮತ್ತೆ ಹುಟ್ಟು ಹಿಡಿಯುವ ದಿನಗೆಲಸ. ಹನಿ ಹನಿ ಗೂಡಿದರೆ ಹಳ್ಳ ಅನ್ನುತ್ತೇವಲ್ಲ, ಹಾಗೆ.

"52 ದಿನವೂ ರಜಾ ಇಲ್ಲವಾ?" ಕೇಳಿದರು ಅಂಗಡಿಯವರು.

"ಇಲ್ಲ."

"ಹಾಗಾದರೆ ನಮ್ಮ ಅಂಗಡಿ ಥರಾನೇ ಬಿಡಿ" ಅಂದು ನಕ್ಕರು. ಅಷ್ಟರಲ್ಲಿ ಕೋಲಾರದ ಬಸ್ಸು ಬಂತು. ಅವರು ಮುಂದಿನ ಟೀಗೆಂದು ಕ್ಯಾನ್ ಬಗ್ಗಿಸಿದರು, ಒಂದು ಹನಿಯೂ ಚೆಲ್ಲದ ಹಾಗೆ.