ಬೇಸಿಗೆಯಲ್ಲಿ ಹಳೆಯ ಜೀಪಿನ ಟೈರಿಗೆ ಗಾಳಿ ಕಡಿಮೆ ಇಟ್ಟರೆ ಸವಾರಿ ಹಾಯಾಗಿರುತ್ತದೆಯೇ?

"ಬಿಸಿಲು ಜಾಸ್ತಿ ಇದೆ, ಟೈರಿಗೆ ಐದಾರು ಪಾಯಿಂಟ್ ಗಾಳಿ ಕಡಿಮೆ ಹಾಕಿಸಿ. ಟೈರು ಸಿಡಿಯುವುದಿಲ್ಲ, ಗಾಡಿಯೂ ಎತ್ತಿಹಾಕುವುದಿಲ್ಲ."

ಬೇಸಿಗೆ ಬಂತೆಂದರೆ ಇಂಥ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಮನೆಯಲ್ಲಿ ಹಳೆಯ ಜೀಪು ಇರುವವರಿಗೆ ಇದು ಬೇಗ ಹಿಡಿಸುತ್ತದೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತಕ್ಕೂ ಹೆಚ್ಚು ಕಿ.ಮೀ. ದಾರಿ. ಅಷ್ಟು ದೂರ ಜೀಪಿನಲ್ಲಿ ಹೋಗಿ ಇಳಿದರೆ ಸೊಂಟ ಹಿಡಿದುಕೊಂಡಿರುತ್ತದೆ. ಗಾಳಿ ಇಳಿಸಿದರೆ ಸವಾರಿ ಮೆತ್ತಗೆ ಅನಿಸುವುದೂ ನಿಜ. ಆದರೆ 40 ಡಿಗ್ರಿ ದಾಟುವ ಬಳ್ಳಾರಿ ಬಿಸಿಲಲ್ಲಿ ಹೆದ್ದಾರಿ ಸವಾರಿಗೆ ಇದು ಅಪಾಯದ ಉಪಾಯ.

ಬಿಸಿಗೆ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆಯೇ?

ಬಿಸಿಯಾದಾಗ ಒತ್ತಡ ಏರುತ್ತದೆ, ಆದರೆ ನಾವು ಅಂದುಕೊಂಡಷ್ಟಲ್ಲ. ಬೆಳಿಗ್ಗೆ 25 ಡಿಗ್ರಿಯಲ್ಲಿ 30 ಪಿಎಸ್‌ಐ ಗಾಳಿ ಹಾಕಿಸಿದ್ದೀರಿ ಎನ್ನೋಣ. ಓಡಿ ಓಡಿ ಒಳಗಿನ ಗಾಳಿ 55 ಡಿಗ್ರಿಗೆ ಬಂದರೂ ಒತ್ತಡ ಸುಮಾರು 34-35 ಪಿಎಸ್‌ಐ ಆಗುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಂಪನಿಗಳು ಟೈರು ಮಾಡಿರುತ್ತವೆ. ಚೆನ್ನಾಗಿರುವ ಟೈರು ಇಷ್ಟಕ್ಕೆ ಸಿಡಿಯುವುದಿಲ್ಲ.

ಟೈರನ್ನು ನಿಜವಾಗಿ ಕೊಲ್ಲುವುದು ಕಡಿಮೆ ಗಾಳಿ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಹಳೆಯ ಜೀಪಿನ 6.00-16 ಅಳತೆಯ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 430ಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬೇಗ ಬೇಗ ಬಗ್ಗಿಸಿ ನೋಡಿ, ಬಗ್ಗಿದ ಜಾಗ ಬಿಸಿಯಾಗುತ್ತದೆ. ಟೈರಿನಲ್ಲಿ ಆಗುವುದೂ ಅದೇ. ಮೇಲೆ ಸೂರ್ಯ, ಕೆಳಗೆ ಕಾದ ಡಾಂಬರು, ಒಳಗೆ ಈ ಬಿಸಿ. ಕೊನೆಗೆ ರಬ್ಬರಿನ ಪದರಗಳು ಬಿಟ್ಟುಕೊಂಡು ಟೈರು ಒಡೆಯುತ್ತದೆ. ಮುಂದಿನ ಚಕ್ರವಾದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದೇ ಕಷ್ಟ.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ?

ಇದರಲ್ಲಿ ಅರ್ಧ ಸತ್ಯ ಇದೆ. ಸಿರುಗುಪ್ಪದ ಕಡೆ ಗದ್ದೆ ಬದಿಯ ಎರೆ ಮಣ್ಣಿನ ಕೆಸರಿನಲ್ಲಿ ಜೀಪು ಹೂತರೆ ಗಾಳಿ ಇಳಿಸುವುದು ಸರಿಯಾದ ಕ್ರಮವೇ. ಟೈರು ಅಗಲವಾಗಿ ನೆಲಕ್ಕೆ ಕೂರುತ್ತದೆ, ಹಿಡಿತ ಸಿಗುತ್ತದೆ. ಆದರೆ ಅದು ನಿಧಾನವಾಗಿ ಕೆಸರು ದಾಟುವ ತನಕ ಮಾತ್ರ. ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಿಸಲೇಬೇಕು.

ನೈಟ್ರೋಜನ್ ಹಾಕಿಸಿದರೆ?

ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ. ಹಾಕಿಸಿದರೆ ತಪ್ಪಿಲ್ಲ, ಆದರೆ ಜೀಪಿನ ಕುಲುಕಾಟ ಅದರಿಂದ ಕಡಿಮೆಯಾಗುವುದಿಲ್ಲ.

ಜೀಪು ಅಷ್ಟು ಕುಲುಕುವುದೇಕೆ?

ಜೀಪಿನ ಮೂಲ ವಿನ್ಯಾಸ ಎರಡನೇ ಮಹಾಯುದ್ಧದ ಕಾಲದ್ದು. ಭಾರ ಹೊತ್ತು ದಾರಿಯಿಲ್ಲದ ಕಡೆ ಹೋಗಲಿ ಎಂದು ಮಾಡಿದ ಗಾಡಿ ಅದು. ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಪಟ್ಟಿಗಳು ಒಂದರ ಮೇಲೊಂದು ಜಾರಿದರಷ್ಟೇ ಸ್ಪ್ರಿಂಗ್ ಕೆಲಸ ಮಾಡುತ್ತದೆ. ಬಳ್ಳಾರಿಯ ಧೂಳು ಸೇರಿ, ತುಕ್ಕು ಹಿಡಿದರೆ ಪಟ್ಟಿಗಳು ಕಚ್ಚಿಕೊಂಡು ಒಂದೇ ಗಟ್ಟಿ ತುಂಡಿನಂತಾಗುತ್ತವೆ. ಹಿಂದೆ ಯಾರೋ ಲೋಡಿಗೆಂದು ಹೆಚ್ಚುವರಿ ಪಟ್ಟಿ ಸೇರಿಸಿದ್ದರಂತೂ ಖಾಲಿ ಗಾಡಿ ಕಲ್ಲಿನಂತೆ ಕುಟ್ಟುತ್ತದೆ.

ಸೆಕೆಂಡಿಗೆ 4ರಿಂದ 8 ಬಾರಿ ಮೇಲೆ ಕೆಳಗೆ ಆಗುವ ಅಲುಗಾಟ ಕೂತವರ ಬೆನ್ನಿಗೆ ಹೆಚ್ಚು ತಾಕುತ್ತದೆ. ತುಂಬಾ ಮೆತ್ತನೆಯ ದಪ್ಪ ಸ್ಪಂಜಿನ ಸೀಟು ಈ ಅಲುಗಾಟವನ್ನು ಹೆಚ್ಚಿಸಲೂಬಹುದು. ಸ್ವಲ್ಪ ಗಟ್ಟಿಯಾದ, ಸೊಂಟಕ್ಕೆ ಆಸರೆ ಕೊಡುವ ಸೀಟೇ ವಾಸಿ.

ಸವಾರಿ ಸುಧಾರಿಸಲು ಏನು ಮಾಡಬೇಕು?

ಖರ್ಚು ಕಡಿಮೆ ಇರುವುದರಿಂದ ಶುರು ಮಾಡಿ.

1. ಗಾಳಿ: ಗಾಡಿ ಮೂರು ಗಂಟೆಯಾದರೂ ನಿಂತು ಟೈರು ತಣ್ಣಗಿರುವಾಗ ಅಳೆಯಿಸಿ. ಕಂಪನಿ ಹೇಳಿದಷ್ಟೇ ಇರಲಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಿದರೆ ಕುಲುಕಾಟ ಹೆಚ್ಚುತ್ತದೆ. ಓಡಿ ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ.

2. ಟೈರಿನ ವಯಸ್ಸು: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಜೀಪಿನಲ್ಲಿ ಗುಂಡಿ ಸವೆದಿರುವುದಿಲ್ಲ, ಆದರೆ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬಿರುಕು ಕಂಡರೆ ಬದಲಿಸಿ.

3. ಸ್ಪ್ರಿಂಗ್: ಸುಟ್ಟ ಎಂಜಿನ್ ಆಯಿಲ್ ಸುರಿದರೆ ಸಾಕು ಎನ್ನುತ್ತಾರೆ. ಬೇಡ. ಅದಕ್ಕೆ ಧೂಳು ಅಂಟುತ್ತದೆ, ರಬ್ಬರ್ ಬುಷ್ ಹಾಳಾಗುತ್ತದೆ. ಪಟ್ಟಿಗಳನ್ನು ಬಿಚ್ಚಿ, ತುಕ್ಕು ತೆಗೆಸಿ, ಗ್ರ್ಯಾಫೈಟ್ ಗ್ರೀಸ್ ಹಚ್ಚಿ ಕೂರಿಸಲು ಹೇಳಿ. ಸವೆದ ಬುಷ್‌ಗಳನ್ನೂ ಆಗಲೇ ಹಾಕಿಸಿ.

4. ಶಾಕ್ ಅಬ್ಸಾರ್ಬರ್: ಮೇಲೆ ಎಣ್ಣೆ ಒಸರಿದ್ದರೆ ಅದರ ಕೆಲಸ ಮುಗಿದಿದೆ. ಎಡ ಬಲ ಜೋಡಿಯಾಗಿ ಬದಲಿಸಿ.

5. ಸ್ಟೀರಿಂಗ್ ನಡುಕ: ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಟೈ ರಾಡ್, ಕಿಂಗ್ ಪಿನ್ ಬೇರಿಂಗ್ ತೋರಿಸಿ. ಇದನ್ನು ಮುಂದೂಡಬೇಡಿ.

ದೊಡ್ಡ ಟೈರು ಹಾಕಿಸಿದರೆ?

ನೋಡಲು ಗತ್ತು. ಆದರೆ ಚಕ್ರದ ಭಾರ ಹೆಚ್ಚಿ ಹಳೆಯ ಬ್ರೇಕಿಗೆ ಕೆಲಸ ಹೆಚ್ಚಾಗುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಕೆಸರಿಗೆಂದು ಮಾಡಿದ ದೊಡ್ಡ ಗುಂಡಿಯ ಟೈರು ಡಾಂಬರಿನ ಮೇಲೆ ಹೋ ಎಂದು ಸದ್ದು ಮಾಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಿಸುವಂತಿಲ್ಲ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಮಾಡಿದರೂ ಜೀಪು ಕಾರಾಗುವುದಿಲ್ಲ. ಎಷ್ಟೋ ಹಳೆಯ ಜೀಪುಗಳಲ್ಲಿ ಐದನೇ ಗೇರೇ ಇಲ್ಲ, ಎಂಜಿನ್ ಅರಚತೊಡಗಿತೆಂದರೆ ಅದರ ಹದ ಮೀರಿದೆ ಎಂದರ್ಥ. ಸಿರುಗುಪ್ಪಕ್ಕೋ ಕುರುಗೋಡಿಗೋ ಹತ್ತು ನಿಮಿಷ ಮೊದಲೇ ಹೊರಡುವುದು ಎಲ್ಲಕ್ಕಿಂತ ಅಗ್ಗದ ಸುಧಾರಣೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ: ಬೇಸಿಗೆಯಲ್ಲಿ ಟೈರು ಒಡೆಯಲು ಹೆಚ್ಚಾಗಿ ಕಾರಣವಾಗುವುದು ಕಡಿಮೆ ಗಾಳಿ, ಹಳೆಯ ರಬ್ಬರು, ಅತಿ ಭಾರ ಮತ್ತು ಅತಿ ವೇಗ. ಜೀಪಿನ ಕುಲುಕಾಟಕ್ಕೆ ಮದ್ದು ಇರುವುದು ಸ್ಪ್ರಿಂಗ್, ಬುಷ್ ಮತ್ತು ಶಾಕ್ ಅಬ್ಸಾರ್ಬರ್‌ನಲ್ಲಿ. ಗಾಳಿ ಇಳಿಸುವುದರಲ್ಲಿ ಅಲ್ಲ.