ಮೈಸೂರಿನ ಸಂತ ಫಿಲೋಮಿನಾ ದೇವಾಲಯ

ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟಿನಿಂದಲೋ ಹುಣಸೂರಿನಿಂದಲೋ ಮೈಸೂರಿಗೆ ಬಂದವರು ಅರಮನೆಯನ್ನು ಕಂಡ ಮೇಲೆ ವಿಚಾರಿಸುವ ಸ್ಥಳಗಳಲ್ಲಿ ಸಂತ ಫಿಲೋಮಿನಾ ದೇವಾಲಯವೂ ಒಂದು. 175 ಅಡಿ ಎತ್ತರದ ಅದರ ಅವಳಿ ಗೋಪುರಗಳೇ ದೂರದಿಂದ ದಾರಿ ತೋರುತ್ತವೆ. ಈ ಕ್ರೈಸ್ತ ಮಂದಿರದ ಹಿಂದೆ ಇಬ್ಬರು ಹಿಂದೂ ಅರಸರ ಔದಾರ್ಯವಡಗಿದೆ.

ಇದೇ ನಿವೇಶನದಲ್ಲಿ ಮೊದಲು ಚಿಕ್ಕದೊಂದು ಚರ್ಚು ಇದ್ದಿತು. ಅದು ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದ್ದು. 1831ರಲ್ಲಿಯೇ ರಾಜ್ಯದ ಆಡಳಿತವು ಆಂಗ್ಲರ ವಶವಾಗಿದ್ದಿತಾದರೂ ಅರಸರ ದಾನಬುದ್ಧಿ ಕುಗ್ಗಿರಲಿಲ್ಲ. ಸಕಲ ಲೋಕಗಳನ್ನೂ ಸೃಷ್ಟಿಸಿ, ಸಲಹಿ, ಆಳುವ ಆ ಒಬ್ಬನೇ ದೇವನ ಹೆಸರಿನಲ್ಲಿ ಈ ಮಂದಿರವು ನಿರ್ಮಿತವಾಯಿತೆಂದು 1843ರ ಶಿಲಾಶಾಸನವು ಸಾರುತ್ತದೆ.

1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿಗಳಾಗಿದ್ದ ತಂಬೂಚೆಟ್ಟಿಯವರು ಸಂತ ಫಿಲೋಮಿನಾಳ ಪವಿತ್ರ ಅವಶೇಷವೊಂದನ್ನು ಪೋಪರ ಪ್ರತಿನಿಧಿಗಳಾಗಿದ್ದ ಪಿಸಾನಿಯವರಿಂದ ಪಡೆದು, ಫಾದರ್ ಕೋಶೆಯವರಿಗೆ ಒಪ್ಪಿಸಿದರು. ಸಂತಳ ಹೆಸರಿನಲ್ಲೊಂದು ಮಂದಿರವನ್ನು ಕಟ್ಟಲು ಆ ಪಾದ್ರಿಗಳು ಅರಮನೆಯ ನೆರವನ್ನು ಬೇಡಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರವರೇ ಅಸ್ತಿಭಾರವನ್ನಿಟ್ಟರು.

ಡಾಲಿ ಎಂಬ ಫ್ರೆಂಚ್ ಶಿಲ್ಪಿ ಜರ್ಮನಿಯ ಕಲೋನ್ ನಗರದ ಪ್ರಸಿದ್ಧ ದೇವಾಲಯವನ್ನು ನೆನಪಿಗೆ ತರುವಂತೆ ಗಾಥಿಕ್ ಶೈಲಿಯಲ್ಲಿ ಇದನ್ನು ರೂಪಿಸಿದನು. ಕಲೋನಿನ ಗೋಪುರಗಳ ಎತ್ತರ 500 ಅಡಿಗೂ ಮಿಗಿಲು. ಮೈಸೂರಿನವು ಅದರ ಮೂರನೆಯ ಒಂದು ಪಾಲಿನಷ್ಟು. ಕಟ್ಟಡದ ತಳವಿನ್ಯಾಸವು ಶಿಲುಬೆಯ ಆಕಾರದ್ದು. ನೀಳವಾದ ನಡುಅಂಕಣದಲ್ಲಿ 800 ಜನ ಕುಳಿತು ಪ್ರಾರ್ಥಿಸಬಹುದು. ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣಗಳು ಬಣ್ಣದ ಗಾಜಿನ ಕಿಟಕಿಗಳಲ್ಲಿ ಬೆಳಕಿನೊಡನೆ ಬೆಳಗುತ್ತವೆ. ನೆಲಮಾಳಿಗೆಯಲ್ಲಿ ಸಂತಳ ಮಲಗಿದ ಪ್ರತಿಮೆಯಿದೆ.

ದೇವಾಲಯವು ಪ್ರಾರ್ಥನೆಗೆ ತೆರೆದುದು 1941ರಲ್ಲಿ. ಅಸ್ತಿಭಾರವಿಟ್ಟ ಮಹಾರಾಜರು ಅದನ್ನು ಕಾಣಲಿಲ್ಲ. 1940ರ ಆಗಸ್ಟ್ 3ರಂದೇ ಅವರು ಕಾಲವಾಗಿದ್ದರು.

ಇನ್ನೊಂದು ಪರೀಕ್ಷೆಯೂ ಕಾದಿದ್ದಿತು. ಫಿಲೋಮಿನಾಳ ಕಥೆಗೆ ಆಧಾರವೆಂದರೆ 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯೊಂದರಲ್ಲಿ ದೊರೆತ ಬಾಲೆಯೊಬ್ಬಳ ಅಸ್ಥಿಗಳು ಮತ್ತು ಅಕ್ಷರಗಳಿದ್ದ ಮೂರು ಹೆಂಚುಗಳು. ಆ ಅಕ್ಷರಗಳು ಅವಳವೇ ಅಹುದೋ ಅಲ್ಲವೋ ಎಂದು ವಿದ್ವಾಂಸರು ಸಂಶಯಪಟ್ಟರು. 1961ರಲ್ಲಿ ರೋಮಿನ ಧರ್ಮಪೀಠವು ಅವಳ ಹಬ್ಬವನ್ನು ಪಂಚಾಂಗದಿಂದ ಕೈಬಿಟ್ಟಿತು.

ಮೈಸೂರಿನ ದೇವಾಲಯವು ಮಾತ್ರ ತನ್ನ ಹೆಸರನ್ನು ಬಿಡಲಿಲ್ಲ. ಇಂದಿಗೂ ನಾನಾ ಮತಗಳ ಜನರು ಅದರ ಮೆಟ್ಟಿಲೇರಿ, ಮೇಣದ ಬತ್ತಿ ಹಚ್ಚಿ, ಮನದ ಕೋರಿಕೆಯನ್ನು ನಿವೇದಿಸಿಕೊಳ್ಳುತ್ತಾರೆ. ಒಬ್ಬನೇ ದೇವನೆಂದ ಮುಮ್ಮಡಿಯವರ ಕಾಲದ ಶಾಸನದ ಮಾತಿಗೆ ಅವರ ನಡೆಯೇ ಸಾಕ್ಷಿಯಾಗಿದೆ.